ಮುಟ್ಟಿದರೆ ಹಾಡುವ ಗೊಂಬೆಗಳು

ಬಸವನಗುಡಿಯ ನಮ್ಮ ಮನೆಯಲ್ಲಿ ಪ್ರತಿ ನವರಾತ್ರಿಗೂ ಗೊಂಬೆ ಕೂರಿಸುತ್ತೇವೆ. ನೋಡಲು ಬಂದ ಮಕ್ಕಳಿಗೆ "ಮುಟ್ಟಬೇಡ ಪುಟ್ಟಾ" ಎನ್ನುವುದೇ ಸಂಜೆಯ ಕೆಲಸ. ಮುಟ್ಟುವುದಕ್ಕೆಂದೇ ಇರುವ ಗೊಂಬೆಗಳನ್ನು ಮಾಡಿಕೊಡಬೇಕೆನಿಸಿ, ಟ್ಯಾಬ್ಲೆಟ್‌ನ ಬ್ರೌಸರ್‌ನಲ್ಲಿ ನಡೆಯುವ ಪ್ರೋಗ್ರಾಂ ಒಂದನ್ನು ಬರೆದೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಜ ರಾಣಿ, ನಡುವೆ ಚನ್ನಪಟ್ಟಣದ ಬಣ್ಣದ ಗೊಂಬೆಗಳು, ಕೆಳಗೆ ಧಾನ್ಯದ ರಾಶಿಯ ಮುಂದೆ ಶೆಟ್ಟಿ, ಶೆಟ್ಟಮ್ಮ.

ಮೊದಲು ಏಳೂ ಸ್ವರ ಇಟ್ಟಿದ್ದೆ. ನಾಲ್ಕು ಮಕ್ಕಳು ಒಟ್ಟಿಗೆ ಕೈ ಹಾಕಿದಾಗ ಗಾಂಧಾರವೂ ಮಧ್ಯಮವೂ ಒಂದಕ್ಕೊಂದು ತಾಗಿ ಕರ್ಕಶವಾಯಿತು. ಅಡುಗೆಮನೆಯಿಂದ ಅಮ್ಮ, "ಮೋಹನ ರಾಗ ಇಡೋ, ಯಾರು ಎಲ್ಲಿ ಮುಟ್ಟಿದರೂ ಹಿತವಾಗಿರುತ್ತದೆ" ಎಂದರು. ಮೋಹನದಲ್ಲಿ ಮಧ್ಯಮ, ನಿಷಾದಗಳಿಲ್ಲ; ಹಾಗಾಗಿ ಅರ್ಧ ಸ್ವರದಷ್ಟು ಹತ್ತಿರ ನಿಂತು ಜಗಳವಾಡುವ ಜೋಡಿಯೇ ಇಲ್ಲ. ಪುಟ್ಟ ಸ್ಪೀಕರ್‌ಗಳು ತಗ್ಗಿನ ಸ್ವರವನ್ನು ನುಂಗುವುದರಿಂದ ಷಡ್ಜವನ್ನು 384 ಹರ್ಟ್ಸ್‌ನಲ್ಲಿ ಇಟ್ಟೆ. ಉಳಿದವು ರಿಷಭ 432, ಗಾಂಧಾರ 480, ಪಂಚಮ 576, ಧೈವತ 640. ರಾಜ ರಾಣಿಗೆ ತಂಬೂರಿಯ ಶ್ರುತಿ.

ಬಳಕೆದಾರರು ಒಮ್ಮೆಯಾದರೂ ತೆರೆಯನ್ನು ಮುಟ್ಟುವ ತನಕ ಬ್ರೌಸರ್ ಧ್ವನಿ ಹೊರಡಲು ಬಿಡುವುದಿಲ್ಲ. ಅದಕ್ಕೆ ಆರಂಭದಲ್ಲಿ ಹಚ್ಚದ ದೀಪವೊಂದನ್ನು ಇಟ್ಟೆ. ಮಗು ಮುಟ್ಟಿದರೆ ದೀಪ ಹೊತ್ತಿಕೊಳ್ಳುತ್ತದೆ, ಶ್ರುತಿ ಏಳುತ್ತದೆ. ಇಡೀ ಪ್ರೋಗ್ರಾಂನಲ್ಲಿ ನನಗೆ ಅತ್ಯಂತ ಪ್ರಿಯವಾದ ಕ್ಷಣ ಇದೇ.

ಹೆಚ್ಚು ಕಾಡಿದ್ದು ತಾಳ. ಶೆಟ್ಟಿಯನ್ನು ಮುಟ್ಟಿದರೆ "ತೊಂ", ಶೆಟ್ಟಮ್ಮನನ್ನು ಮುಟ್ಟಿದರೆ ಅಕ್ಕಿ ತುಂಬಿದ ಡಬ್ಬಿಯ "ಝಲ್". ಮಕ್ಕಳು ನುಡಿಸಿದ್ದನ್ನು ಆದಿತಾಳದ ಒಂದು ಆವರ್ತನದಲ್ಲಿ, ಅಂದರೆ ಎಂಟು ಅಕ್ಷರಗಳ (ಎಣಿಕೆಗಳ) ಒಂದು ಸುತ್ತಿನಲ್ಲಿ, ಹಿಡಿದಿಟ್ಟುಕೊಂಡು ಮರಳಿ ಕೇಳಿಸಬೇಕಿತ್ತು. ನಿಮಿಷಕ್ಕೆ 75 ಅಕ್ಷರ ಎಂದುಕೊಂಡರೆ ಆವರ್ತನಕ್ಕೆ 6.4 ಸೆಕೆಂಡ್, ಅಕ್ಷರವನ್ನು ನಾಲ್ಕಾಗಿ ಒಡೆದರೆ 0.2 ಸೆಕೆಂಡ್‌ನ 32 ಮನೆಗಳು. ಮುಟ್ಟಿದ ಸದ್ದನ್ನು ಮುಂದಿನ ಮನೆಯವರೆಗೆ ತಡೆದು ಹೊರಡಿಸಿದೆ. ತಾಳ ಅಚ್ಚುಕಟ್ಟಾಯಿತು, ಆದರೆ ಪಕ್ಕದ ಮನೆಯ ಐದು ವರ್ಷದ ಹುಡುಗಿ ಶೆಟ್ಟಮ್ಮನನ್ನು ಒತ್ತಿ, ಅರೆಗಳಿಗೆ ಕಾದು, ಮತ್ತೆ ಮತ್ತೆ ಒತ್ತಿದಳು. "ಅಂಕಲ್, ಇವಳಿಗೆ ಕಿವಿ ಕೇಳಿಸುವುದಿಲ್ಲವಾ?" ಎಂದಳು. ಬೆರಳಿಗೂ ಸದ್ದಿಗೂ ನಡುವಿನ ಆ ಚೂರು ಬಿಡುವಿನಲ್ಲೇ ಗೊಂಬೆ ಸತ್ತುಹೋಗಿತ್ತು.

ಅಂದು ರಾತ್ರಿ ಎರಡನ್ನೂ ಬೇರ್ಪಡಿಸಿದೆ. ಬೆರಳು ತಾಗಿದ ಕೂಡಲೇ ಸದ್ದು. ಹಿಡಿದಿಡುವ ಪ್ರತಿಯನ್ನು ಮಾತ್ರ ಅತಿ ಸಮೀಪದ ಮನೆಗೆ ಸರಿಸುವುದು. ಮರಳಿ ನುಡಿಸುವಾಗಲೂ ಪ್ರೋಗ್ರಾಂನ ಸಾಮಾನ್ಯ ಟೈಮರ್ ನಂಬದೆ, ಆಡಿಯೋ ವ್ಯವಸ್ಥೆಯದೇ ಗಡಿಯಾರ ನೋಡಿ ಸದ್ದುಗಳನ್ನು ತುಸು ಮುಂಚಿತವಾಗಿ ಸರತಿಯಲ್ಲಿ ನಿಲ್ಲಿಸಿದೆ. ಚಿತ್ರಗಳು ಓಡಾಡುವಾಗ ಟೈಮರ್ ಮುಗ್ಗರಿಸುತ್ತದೆ, ಈ ಗಡಿಯಾರ ಮುಗ್ಗರಿಸುವುದಿಲ್ಲ.

ಮರುದಿನ ಅದೇ ಹುಡುಗಿ ಗೊಂಬೆ ಬಾಗಿನದ ಕೋಡುಬಳೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಶೆಟ್ಟಮ್ಮನನ್ನು ಒಂದೇ ಸಮನೆ ಕುಣಿಸಿದಳು. ಸೋಫಾದ ಮೇಲಿದ್ದ ಅವಳ ಅಜ್ಜಿಯ ಕೈ ತಾನಾಗಿ ತೊಡೆಯ ಮೇಲೆ ಆದಿತಾಳ ಹಾಕತೊಡಗಿತು.

ವಿಜಯದಶಮಿಯ ರಾತ್ರಿ ಅಮ್ಮ ಪಟ್ಟದ ಗೊಂಬೆಗಳನ್ನು ಮಲಗಿಸಿದ್ದನ್ನು ನೋಡಿ ಇನ್ನೊಂದು ಸೇರಿಸಿದೆ. ತೆರೆಯ ಮೇಲಿನ ರಾಜನನ್ನು ಬೆರಳಿನಿಂದ ಮೆಲ್ಲಗೆ ವಾಲಿಸಿದರೆ, ಸರಿಯಾಗಿ ಒಂದು ಆವರ್ತನದಲ್ಲಿ ತಂಬೂರಿ ತಗ್ಗುತ್ತಾ ಹೋಗಿ ನಿಲ್ಲುತ್ತದೆ.