ಮೈಸೂರು ಪಾಕ್ ಕೇಕ್: ಮೇಲೆ ಉದುರಿಸಿದರೆ ಸಾಲದು

ಬೇಕರಿಗಳಲ್ಲಿ ಈಗ ಗುಲಾಬ್ ಜಾಮೂನ್ ಕೇಕ್, ರಸಮಲಾಯಿ ಕೇಕ್, ಮೈಸೂರು ಪಾಕ್ ಕೇಕ್ ಎಲ್ಲವೂ ಸಿಗುತ್ತವೆ. ಕತ್ತರಿಸಿ ನೋಡಿದರೆ ಹೆಚ್ಚಿನವು ಒಂದೇ. ಒಳಗೆ ವೆನಿಲಾ ಸ್ಪಂಜು, ಮಧ್ಯೆ ಕ್ರೀಮು, ಮೇಲೆ ಸಿಹಿ ಅಂಗಡಿಯಿಂದ ತಂದ ನಾಲ್ಕು ತುಂಡು. ಆ ತುಂಡುಗಳನ್ನು ಎತ್ತಿ ಬದಿಗಿಟ್ಟರೆ ಅದು ಯಾವ ಕೇಕು ಅಂತ ಹೇಳಿದವರಿಗೆ ಬಹುಮಾನ ಕೊಡಬಹುದು.

ಮೈಸೂರು ಪಾಕಿಗೆ ಬೇಕಾಗುವುದು ಮೂರೇ ಸಾಮಾನು. ಕಡಲೆ ಹಿಟ್ಟು, ಸಕ್ಕರೆ, ತುಪ್ಪ. ಏಲಕ್ಕಿಯೂ ಕಡ್ಡಾಯ ಅಲ್ಲ. ಒಬ್ಬರ ಮನೆಯಲ್ಲಿ ಮಾಡುತ್ತಿದ್ದಾರೆ ಅಂತ ಬೀದಿಗೆಲ್ಲ ಗೊತ್ತಾಗುವುದು ತುಪ್ಪದಲ್ಲಿ ಹಿಟ್ಟು ಹುರಿಯುವ ಘಮದಿಂದ. ಆ ಘಮ ಕೇಕಿನ ಒಳಗೆ ಇಳಿಯಬೇಕು. ಅದಕ್ಕೆ ಹಿಟ್ಟನ್ನೇ ತುಪ್ಪದಲ್ಲಿ ಹುರಿದು ಕೇಕಿಗೆ ಹಾಕಬೇಕು. ಇವತ್ತು ಮಾಡುವುದು ಅದನ್ನೇ.

ಈ ಸಿಹಿಯ ಕತೆ ನಿಮಗೆ ಗೊತ್ತಿರಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಅಡುಗೆಮನೆಯಲ್ಲಿದ್ದ ಕಾಕಾಸುರ ಮಾದಪ್ಪ ಅವರು ಇದನ್ನು ಮೊದಲು ಮಾಡಿದರು ಎನ್ನುತ್ತಾರೆ. ಅವರ ಮನೆತನದವರು ನಡೆಸುವ ಗುರು ಸ್ವೀಟ್ಸ್ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ, ದೇವರಾಜ ಮಾರುಕಟ್ಟೆಯ ಸಾಲಿನಲ್ಲೇ ಇದೆ. ಕೇಕು ಮಾಡುವವರಿಗೆ ಕತೆಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಒಂದು ತುಂಡು ಗಟ್ಟಿ ಮೈಸೂರು ಪಾಕ್. ಅದನ್ನು ಅಡ್ಡಕ್ಕೆ ಮುರಿದು ನೋಡಿ. ಮೇಲೆ ಕೆಳಗೆ ತಿಳಿ ಹಳದಿ, ನಡುವೆ ಕಂದು ಪಟ್ಟಿ. ತಟ್ಟೆಗೆ ಸುರಿದ ಮೇಲೆ ಅಂಚು ಬೇಗ ಆರುತ್ತದೆ, ನಡುಭಾಗ ಬಿಸಿ ಹಿಡಿದುಕೊಂಡು ಇನ್ನೂ ಹುರಿಯುತ್ತಲೇ ಇರುತ್ತದೆ. ಆ ಕಂದು ಪಟ್ಟಿಯನ್ನಷ್ಟೇ ಕಚ್ಚಿ ರುಚಿ ನೋಡಿ. ನಮ್ಮ ಕೇಕಿಗೆ ಬೇಕಾದ ರುಚಿ ಅದು.

ಮೊದಲ ಸಲ ನಾನು ಈ ಕೇಕು ಮಾಡಿದಾಗ ಕಡಲೆ ಹಿಟ್ಟನ್ನು ಹಾಗೇ ಹಸಿಯಾಗಿ ಮೈದಾ ಜೊತೆ ಸೇರಿಸಿಬಿಟ್ಟೆ. ಹೇಗೂ ಓವನ್ನಿನಲ್ಲಿ ಬೇಯುತ್ತದಲ್ಲ ಅಂತ. ಬೆಂದಿತು, ಉಬ್ಬಿತು, ನೋಡೋಕೂ ಚೆನ್ನಾಗಿತ್ತು. ಮನೆಯವರು ಒಂದು ತುಂಡು ತಿಂದು, "ಇದಕ್ಕೆ ಸ್ವಲ್ಪ ಓಂಕಾಳು ಹಾಕಿದ್ರೆ ಬಜ್ಜಿ ಆಗ್ತಿತ್ತು" ಅಂದರು. ಎರಡನೇ ಸಲ ಹುಮ್ಮಸ್ಸು ಜಾಸ್ತಿಯಾಗಿ ಮೈದಾ ಪೂರ್ತಿ ಬಿಟ್ಟು ಬರೀ ಕಡಲೆ ಹಿಟ್ಟಿನಲ್ಲಿ ಮಾಡಿದೆ. ಚಾಕು ಇಟ್ಟ ತಕ್ಷಣ ಮರಳಿನ ಗುಡ್ಡೆ ಹಾಗೆ ಕುಸಿಯಿತು. ಕಡಲೆ ಹಿಟ್ಟಿನಲ್ಲಿ ಗ್ಲೂಟನ್ ಇಲ್ಲ, ಕೇಕನ್ನು ಹಿಡಿದಿಡುವ ಅಂಟು ಸಿಗುವುದಿಲ್ಲ. ಮೊಟ್ಟೆಯೂ ಇಲ್ಲದಿದ್ದರೆ ಮುಗಿದೇ ಹೋಯಿತು. ಹಾಗಾಗಿ ಕೆಳಗಿನ ಅಳತೆಯಲ್ಲಿ ಮೈದಾ ಒಂದಷ್ಟು ಇದೆ. ಕಡಲೆ ಹಿಟ್ಟು ಒಟ್ಟು ಹಿಟ್ಟಿನ ಮೂರನೇ ಒಂದು ಭಾಗಕ್ಕಿಂತ ತುಸು ಜಾಸ್ತಿ. ಅದಕ್ಕಿಂತ ಮುಂದೆ ಹೋಗಬೇಡಿ.

ಏನೇನು ಬೇಕು

7 ಇಂಚಿನ ದುಂಡು ಟಿನ್ನಿಗೆ ಈ ಅಳತೆ ಸರಿ. ಅಡುಗೆಮನೆಯಲ್ಲಿ ತೂಕದ ಯಂತ್ರ ಇದ್ದರೆ ಅದನ್ನೇ ಬಳಸಿ. ಕಡಲೆ ಹಿಟ್ಟನ್ನು ಕಪ್ಪಿನಲ್ಲಿ ಒತ್ತಿ ತುಂಬಿದರೆ ಒಂದು ಅಳತೆ, ಉದುರಿಸಿ ತುಂಬಿದರೆ ಇನ್ನೊಂದು.

ಕಡಲೆ ಹಿಟ್ಟು 75 ಗ್ರಾಂ (ಸುಮಾರು ಮುಕ್ಕಾಲು ಕಪ್)
ಮೈದಾ 125 ಗ್ರಾಂ (ಒಂದು ಕಪ್)
ತುಪ್ಪ 120 ಗ್ರಾಂ (ಅರ್ಧ ಕಪ್ಪಿಗಿಂತ ಸ್ವಲ್ಪ ಹೆಚ್ಚು)
ಪುಡಿ ಮಾಡಿದ ಸಕ್ಕರೆ 150 ಗ್ರಾಂ
ಹುಳಿ ಇಲ್ಲದ ಗಟ್ಟಿ ಮೊಸರು 200 ಗ್ರಾಂ
ಹಾಲು 60 ಮಿಲಿ
ಬೇಕಿಂಗ್ ಪೌಡರ್ 1 ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಉಪ್ಪು ಒಂದು ಚಿಟಿಕೆ
ಪಾಕಕ್ಕೆ: ಸಕ್ಕರೆ 60 ಗ್ರಾಂ, ನೀರು 50 ಮಿಲಿ
ಮೇಲೆ ಉದುರಿಸಲು: ಗಟ್ಟಿ ಮೈಸೂರು ಪಾಕ್ ಎರಡು ಮೂರು ತುಂಡು, ಇದ್ದರೆ

ಕಡಲೆ ಹಿಟ್ಟು ಅಂದರೆ ಕಡಲೆ ಬೇಳೆಯ ಹಿಟ್ಟು. ಚಟ್ನಿಗೆ ಹಾಕುವ ಹುರಿಗಡಲೆ, ಉತ್ತರ ಕರ್ನಾಟಕದವರ ಪುಟಾಣಿ, ಅದರ ಹಿಟ್ಟು ಅಲ್ಲ. ಅದು ಆಗಲೇ ಹುರಿದಿರುವುದರಿಂದ ಕೆಲಸ ಸುಲಭ ಅನ್ನಿಸಬಹುದು, ಆದರೆ ರುಚಿ ಬೇರೆ. ಹೊರದೇಶದಲ್ಲಿ ಇರುವವರಿಗೆ ಇಂಡಿಯನ್ ಸ್ಟೋರಿನಲ್ಲಿ ಬೇಸನ್ ಎಂದು ಸಿಗುತ್ತದೆ. ಅದರಲ್ಲಿ ಲಡ್ಡು ಬೇಸನ್ ಅನ್ನುವ ತರಿ ಹಿಟ್ಟು ಬೇಡ, ನುಣ್ಣಗಿನದೇ ತನ್ನಿ.

ಹುರಿಯುವುದು

ಅರ್ಧ ಕೆಲಸ ಇಲ್ಲೇ ಇದೆ, ಅದಕ್ಕೇ ಇಲ್ಲಿ ಸ್ವಲ್ಪ ನಿಧಾನ.

ಕಡಲೆ ಹಿಟ್ಟನ್ನು ಜರಡಿ ಹಿಡಿಯಿರಿ. ಸಣ್ಣ ಗಂಟು ಉಳಿದರೆ ಕೇಕಿನಲ್ಲಿ ಹಾಗೇ ಕೂತಿರುತ್ತದೆ. ದಪ್ಪ ತಳದ ಬಾಣಲೆಗೆ ಅರ್ಧ ತುಪ್ಪ, ಅಂದರೆ 60 ಗ್ರಾಂ ಮಾತ್ರ ಹಾಕಿ ಕರಗಿಸಿ. ಉರಿ ಸಣ್ಣದಿರಲಿ. ಹಿಟ್ಟು ಹಾಕಿ ಕೈಯಾಡಿಸಿ. ಮೊದಲು ಅದು ಮುದ್ದೆ ಮುದ್ದೆಯಾಗಿ ಸೌಟಿಗೆ ಅಂಟಿಕೊಳ್ಳುತ್ತದೆ. ತುಪ್ಪ ಸಾಲದು ಅಂತ ಇನ್ನಷ್ಟು ಸುರಿಯಬೇಡಿ. ಮೂರು ನಾಲ್ಕು ನಿಮಿಷದಲ್ಲಿ ತಾನಾಗಿ ಸಡಿಲವಾಗುತ್ತದೆ. ಹಿಟ್ಟಿನ ಒಳಗಿನ ತೇವ ಆರುತ್ತಾ ಬಂದ ಹಾಗೆ ತುಪ್ಪ ಬಿಟ್ಟುಕೊಂಡು, ಕಡೆಗೆ ಸೌಟಿನಿಂದ ಎತ್ತಿದರೆ ಜಾರಿ ಬೀಳುವ ಹಾಗಾಗುತ್ತದೆ. ಅಂಚಿನಲ್ಲಿ ಸಣ್ಣ ಸಣ್ಣ ನೊರೆ ಕಾಣುತ್ತದೆ.

ಇನ್ನು ಮೂಗಿನ ಕೆಲಸ. ಮೊದಲು ಬರುವುದು ಹಸಿ ಬೇಳೆಯ ವಾಸನೆ. ಅದು ಹೋದ ಮೇಲೆ ಸ್ವಲ್ಪ ಹೊತ್ತು ಏನೂ ಇರುವುದಿಲ್ಲ. ಹೆಚ್ಚಿನವರು ಇಲ್ಲೇ ಒಲೆ ಆರಿಸಿಬಿಡುತ್ತಾರೆ. ಇನ್ನೂ ಎರಡು ಮೂರು ನಿಮಿಷ ಕಾಯಿರಿ. ಶೇಂಗಾ ಹುರಿದಂಥ ಒಂದು ಘಮ ಎದ್ದು ಬರುತ್ತದೆ, ಬಣ್ಣ ಹಳದಿಯಿಂದ ಒಂದು ಮೆಟ್ಟಿಲು ಕೆಳಗಿಳಿದು ಜೇನಿನ ಬಣ್ಣಕ್ಕೆ ತಿರುಗುತ್ತದೆ. ನನ್ನ ಒಲೆಯಲ್ಲಿ ಒಟ್ಟು ಹತ್ತು ನಿಮಿಷದ ಹತ್ತಿರ ಹಿಡಿಯುತ್ತದೆ. ನಿಮ್ಮ ಬಾಣಲೆ ತೆಳುವಾಗಿದ್ದರೆ ಬೇಗ ಆಗಬಹುದು. ಫೋನ್ ಬಂದರೆ ತೆಗೆಯಬೇಡಿ, ತಳ ಹಿಡಿಯಲು ಅರ್ಧ ನಿಮಿಷ ಸಾಕು.

ಆ ಘಮ ಬಂದ ಕೂಡಲೇ ಒಲೆ ಆರಿಸಿ ಉಳಿದ 60 ಗ್ರಾಂ ತುಪ್ಪವನ್ನು ಹಾಕಿಬಿಡಿ. ತುಪ್ಪ ಎರಡು ಸಲ ಹಾಕುವುದಕ್ಕೆ ಕಾರಣ ಇದೇ. ಆರಿಸಿದ ಮೇಲೂ ಬಾಣಲೆಯ ಕಾವಿಗೆ ಹಿಟ್ಟು ಹುರಿಯುತ್ತಲೇ ಹೋಗುತ್ತದೆ. ತಣ್ಣಗಿನ ತುಪ್ಪ ಬಿದ್ದರೆ ಅದು ಅಲ್ಲಿಗೇ ನಿಲ್ಲುತ್ತದೆ. ಎಲ್ಲವನ್ನೂ ಅಗಲ ಪಾತ್ರೆಗೆ ಬಗ್ಗಿಸಿ ಆರಲು ಬಿಡಿ. ಬೆರಳು ಅದ್ದಿದರೆ ಬೆಚ್ಚಗೆ ಅನ್ನಿಸಬೇಕು, ಅಷ್ಟೇ.

ಕಲಸುವುದು

ಮೊಸರು, ಹಾಲು ಫ್ರಿಜ್ಜಿನಿಂದ ಒಂದು ಗಂಟೆ ಮೊದಲೇ ಹೊರಗೆ ತೆಗೆದಿಟ್ಟಿರಿ. ತಣ್ಣಗಿನ ಮೊಸರು ಬಿದ್ದರೆ ತುಪ್ಪ ಹೆಪ್ಪುಗಟ್ಟಿ ಹರಳು ಹರಳಾಗುತ್ತದೆ. ತುಪ್ಪ ತೀರಾ ಬಿಸಿ ಇದ್ದರೆ ಮೊಸರು ಒಡೆಯುತ್ತದೆ. ಎರಡೂ ಬೆಚ್ಚಗೆ ಇದ್ದರೆ ತಕರಾರಿಲ್ಲ. ಈಗಲೇ ಓವನ್ನನ್ನು 170 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು ಕಾಯಲು ಬಿಡಿ. ಅಮೆರಿಕದ ಓವನ್ನಾದರೆ 340 ಫ್ಯಾರನ್‌ಹೀಟ್. ಟಿನ್ನಿಗೆ ತುಪ್ಪ ಸವರಿ, ತಳಕ್ಕೆ ಬಟರ್ ಪೇಪರ್ ಹಾಕಿ.

ಹುರಿದ ಹಿಟ್ಟಿಗೆ ಸಕ್ಕರೆ ಪುಡಿ, ಆಮೇಲೆ ಮೊಸರು ಹಾಕಿ ವಿಸ್ಕಿನಲ್ಲಿ, ಅಂದರೆ ತಂತಿಯ ಕಡೆಗೋಲಿನಲ್ಲಿ, ಚೆನ್ನಾಗಿ ತಿರುವಿ. ಇಲ್ಲಿ ಎಷ್ಟು ತಿರುವಿದರೂ ತೊಂದರೆ ಇಲ್ಲ, ಮೈದಾ ಇನ್ನೂ ಬಿದ್ದಿಲ್ಲ. ನುಣ್ಣಗೆ, ಹೊಳಪಾಗಿ ಬರಲಿ. ಮೈದಾ, ಬೇಕಿಂಗ್ ಪೌಡರ್, ಸೋಡಾ, ಉಪ್ಪು ಒಟ್ಟಿಗೆ ಜರಡಿ ಹಿಡಿದು ಮೂರು ಸಲಕ್ಕೆ ಸೇರಿಸಿ. ನಡುನಡುವೆ ಹಾಲು. ಈಗ ವಿಸ್ಕು ಬದಿಗಿಟ್ಟು ಸೌಟಿನಲ್ಲಿ ಮೇಲೆ ಕೆಳಗೆ ಮಾಡಿದರೆ ಸಾಕು. ಮೈದಾ ಬಿದ್ದ ಮೇಲೆ ಜಾಸ್ತಿ ತಿರುವಿದರೆ ಕೇಕು ರಬ್ಬರಿನ ಹಾಗೆ ಬರುತ್ತದೆ.

ಹದ ಹೇಗಿರಬೇಕು ಅಂದರೆ, ಹುದುಗು ಬಂದ ಇಡ್ಲಿ ಹಿಟ್ಟಿನಷ್ಟು. ದೋಸೆ ಹಿಟ್ಟಿನಷ್ಟು ತೆಳ್ಳಗಾದರೆ ನಡುಭಾಗ ಬೇಯದೆ ಕೂರುತ್ತದೆ. ಗಟ್ಟಿ ಅನ್ನಿಸಿದರೆ ಒಂದೊಂದೇ ಚಮಚ ಹಾಲು ಸೇರಿಸಿ. ಕಲಸಿದ ಮೇಲೆ ಪಾತ್ರೆ ತೊಳೆಯುತ್ತಾ ನಿಲ್ಲಬೇಡಿ. ಸೋಡಾ ಮೊಸರಿನ ಹುಳಿ ಸೇರಿದ ಕೂಡಲೇ ಗುಳ್ಳೆ ಏಳಲು ಶುರುವಾಗುತ್ತದೆ. ಆ ಗುಳ್ಳೆ ಓವನ್ನಿನಲ್ಲಿ ಇರಬೇಕು, ಕಟ್ಟೆಯ ಮೇಲಲ್ಲ.

ಮೊಟ್ಟೆ ತಿನ್ನುವವರು ಮೊಸರನ್ನು 100 ಗ್ರಾಂಗೆ ಇಳಿಸಿ, ಎರಡು ಮೊಟ್ಟೆ ಹಾಕಿ, ಸೋಡಾ ಕಾಲು ಚಮಚ ಮಾಡಿಕೊಳ್ಳಿ. ತುಂಡು ಅಚ್ಚುಕಟ್ಟಾಗಿ ಕತ್ತರಿಸಲು ಬರುತ್ತದೆ. ನನಗೆ ಮಾತ್ರ ಮೊಸರಿನದೇ ಇಷ್ಟ. ಆ ಸಣ್ಣ ಹುಳಿ ಇಲ್ಲದಿದ್ದರೆ ಎರಡನೇ ತುಂಡಿಗೆ ಮುಖ ಕಟ್ಟುತ್ತದೆ.

ಬೇಯಿಸುವುದು

ಓವನ್ನಿನ ನಡು ಅಂಕಣದಲ್ಲಿ 40 ರಿಂದ 45 ನಿಮಿಷ. ಮೊದಲ ಅರ್ಧ ಗಂಟೆ ಬಾಗಿಲು ತೆಗೆಯಬೇಡಿ. ಹುರಿದ ಕಡಲೆ ಹಿಟ್ಟು ಇರುವುದರಿಂದ ಮೇಲ್ಭಾಗ ಮಾಮೂಲಿ ಕೇಕಿಗಿಂತ ಬೇಗ ಕೆಂಪಾಗುತ್ತದೆ. ಅರ್ಧ ಗಂಟೆ ಆದ ಮೇಲೆ ಬಣ್ಣ ಜಾಸ್ತಿ ಅನ್ನಿಸಿದರೆ ಮೇಲೊಂದು ಫಾಯಿಲ್ ಸಡಿಲವಾಗಿ ಮುಚ್ಚಿ. ನಡುವೆ ಕಡ್ಡಿ ಚುಚ್ಚಿದರೆ ಹಸಿ ಹಿಟ್ಟು ಅಂಟಬಾರದು. ತುಪ್ಪದ ಜಿಡ್ಡು ಅಂಟಿದರೆ ಪರವಾಗಿಲ್ಲ.

ಓವನ್ ಇಲ್ಲದವರಿಗೆ ಹಳೇ ಕುಕ್ಕರ್ ಇದೆಯಲ್ಲ. ಗ್ಯಾಸ್ಕೆಟ್ಟು, ವಿಷಲ್ಲು ಎರಡನ್ನೂ ತೆಗೆದಿಡಿ, ಇದನ್ನು ಮರೆಯುವಂತಿಲ್ಲ. ನೀರು ಹಾಕಬಾರದು. ತಳಕ್ಕೆ ಒಂದು ಪದರ ಪುಡಿ ಉಪ್ಪು, ಅದರ ಮೇಲೆ ಒಂದು ಸ್ಟ್ಯಾಂಡು, ಹತ್ತು ನಿಮಿಷ ಮಧ್ಯಮ ಉರಿಯಲ್ಲಿ ಕಾಯಿಸಿ. ಟಿನ್ ಇಳಿಸಿದ ಮೇಲೆ ಉರಿ ಪೂರ್ತಿ ಸಣ್ಣ. 50 ನಿಮಿಷದಿಂದ ಒಂದು ಗಂಟೆ ಹಿಡಿಯುತ್ತದೆ. ಮೇಲೆ ಬಣ್ಣ ಬರುವುದಿಲ್ಲ, ಕೆಳಗೆ ಬರುತ್ತದೆ. ಬೋರಲು ಹಾಕಿ ಬಡಿಸಿದರೆ ಆಯಿತು.

ಪಾಕ

ಕೇಕಿಗೆ ಪಾಕ ಕುಡಿಸುವ ಬುದ್ಧಿ ನನ್ನದಲ್ಲ. ಬೆಂಗಳೂರಿನ ಅಯ್ಯಂಗಾರ್ ಬೇಕರಿಯ ಹನಿ ಕೇಕ್ ತಿಂದವರಿಗೆ ಗೊತ್ತು, ಸ್ಪಂಜಿಗೆ ಸಿಹಿ ನೀರು ಕುಡಿಸಿ, ಮೇಲೆ ಜಾಮ್ ಬಳಿದು, ಕೊಬ್ಬರಿ ಉದುರಿಸಿರುತ್ತಾರೆ. ನಾವು ಜಾಮು, ಕೊಬ್ಬರಿ ಬಿಟ್ಟು ಪಾಕ ಮಾತ್ರ ಎರವಲು ತರುತ್ತಿದ್ದೇವೆ.

ಒಂದೇ ಒಂದು ಎಚ್ಚರ. ಮೈಸೂರು ಪಾಕಿಗೆ ಒಂದೆಳೆ ಪಾಕ ಬೇಕು. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಬಿಡಿಸಿದರೆ ತುಂಡಾಗದ ಒಂದು ಎಳೆ ನಿಲ್ಲುವುದು ಅದರ ಗುರುತು. ಕೇಕಿಗೆ ಆ ಪಾಕ ಹಾಕಿದರೆ ಒಳಗೆ ಇಳಿಯುವುದೇ ಇಲ್ಲ. ಮೇಲೇ ನಿಂತು, ಆರಿದ ಮೇಲೆ ಸಕ್ಕರೆ ಹರಳುಗಟ್ಟಿ ಬಿಳಿ ಪೊರೆ ಬರುತ್ತದೆ. ನಮಗೆ ಬೇಕಾದ್ದು ಅದಕ್ಕಿಂತ ಹಿಂದಿನ ಹದ, ಜಾಮೂನಿನ ಪಾಕದ ಹಾಗೆ ಬೆರಳಿಗೆ ಬರೀ ಅಂಟುವಷ್ಟು. ಸಕ್ಕರೆ ಕರಗಿ ಕುದಿ ಬಂದ ಮೇಲೆ ಎರಡು ನಿಮಿಷ ಸಾಕು.

ಕೇಕು ಓವನ್ನಿನಿಂದ ಬಂದ ಮೇಲೆ ಹತ್ತು ನಿಮಿಷ ಟಿನ್ನಿನಲ್ಲೇ ಇರಲಿ. ಆಮೇಲೆ ತೆಗೆದು, ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ, ಬಿಸಿ ಪಾಕವನ್ನು ಬ್ರಷ್ಷಿನಲ್ಲಿ ಸವರಿ. ಒಂದು ಸಲ ಸವರಿ, ಹೀರಿಕೊಳ್ಳುವ ತನಕ ಕಾದು, ಮತ್ತೊಂದು ಸಲ. ಕಡೆಯ ಎರಡು ಚಮಚ ಉಳಿಸಿಕೊಳ್ಳಿ. ಅದನ್ನು ಅಂಚಿನ ಸುತ್ತ ಸವರಿ ಮೈಸೂರು ಪಾಕಿನ ಪುಡಿ ಉದುರಿಸಿದರೆ ಕಚ್ಚಿಕೊಂಡು ನಿಲ್ಲುತ್ತದೆ. ಪುಡಿಗೆ ಗೂಡು ಗೂಡಾಗಿರುವ ಗಟ್ಟಿ ಬಗೆಯದೇ ಆಗಬೇಕು. ಬಾಯಲ್ಲಿ ಕರಗುವ ಮೆತ್ತನೆಯದನ್ನು ಪುಡಿ ಮಾಡಲು ಹೋದರೆ ಮುದ್ದೆಯಾಗುತ್ತದೆ, ಅದನ್ನು ಸುಮ್ನೆ ತಿಂದುಬಿಡಿ.

ಕ್ರೀಮ್ ಹಾಕಬಹುದಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಹಾಕಬಹುದು, ನಾನು ಹಾಕುವುದಿಲ್ಲ. ಕ್ರೀಮಿಗಾಗಿ ಕೇಕನ್ನು ಫ್ರಿಜ್ಜಿನಲ್ಲಿ ಇಡಬೇಕು, ಇಟ್ಟರೆ ಒಳಗಿನ ತುಪ್ಪ ಗಟ್ಟಿಯಾಗಿ ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ, ಘಮ ಸತ್ತೇ ಹೋಗುತ್ತದೆ.

ಪೂರ್ತಿ ಆರುವ ತನಕ ಕತ್ತರಿಸಬೇಡಿ. ಬಿಸಿಯಲ್ಲಿ ಪುಡಿ ಪುಡಿಯಾಗುತ್ತದೆ, ಎರಡು ಗಂಟೆ ಬಿಟ್ಟರೆ ತಾನೇ ಗಟ್ಟಿಯಾಗುತ್ತದೆ. ಸಂಜೆ ಮಾಡಿ ಬೆಳಿಗ್ಗೆ ಕಾಫಿ ಜೊತೆ ತಿಂದರೆ ಇನ್ನೂ ಚೆನ್ನ. ಹೊರಗೆ ಡಬ್ಬಿಯಲ್ಲಿ ಎರಡು ದಿನ ಇಡಬಹುದು. ಮೂರನೇ ದಿನಕ್ಕೆ ಒಂದೆರಡು ತುಂಡು ಫ್ರಿಜ್ಜಿನಲ್ಲಿ ಉಳಿದುಕೊಂಡಿದ್ದರೆ ಬೆರಳು ದಪ್ಪಕ್ಕೆ ಕತ್ತರಿಸಿ ಕಾದ ತವಾ ಮೇಲೆ ಹಾಗೇ ಇಡಿ. ತುಪ್ಪ ಹಾಕುವುದು ಬೇಡ, ಕೇಕೇ ಬಿಟ್ಟುಕೊಳ್ಳುತ್ತದೆ. ಎರಡೂ ಬದಿ ಕೆಂಪಾದ ಮೇಲೆ ತೆಗೆಯಿರಿ. ನಮ್ಮ ಮನೆಯಲ್ಲಿ ಈಗ ಇದಕ್ಕಾಗಿಯೇ ಒಂದಿಷ್ಟು ತುಂಡು ಬಚ್ಚಿಡುವವರು ಇದ್ದಾರೆ.