ಇಲ್ಲದ ಸಿನಿಮಾಗಳ ಸಂಗ್ರಹ ಕಟ್ಟುವ ಬಗೆ

ಎಂದೂ ತಯಾರಾಗದ, ಆದರೆ ಎಲ್ಲೋ ನೋಡಿ ಮರೆತಂತೆನಿಸುವ ಕಾಲ್ಪನಿಕ ಚಿತ್ರಗಳ ವಿವರಗಳನ್ನು ಬರೆದಿಡುವ ಸಂಗ್ರಹವನ್ನು ಕಟ್ಟುವವರು ಮೊದಲು ಪ್ರತಿ ಚಿತ್ರದ ಕಾಲವನ್ನು ನಿರ್ಧರಿಸಬೇಕು, ಏಕೆಂದರೆ ಉಳಿದ ವಿವರಗಳೆಲ್ಲ ಅದನ್ನೇ ಅವಲಂಬಿಸಿರುತ್ತವೆ. 1940ರ ದಶಕದ್ದಾದರೆ, ಸುಲಭವಾಗಿ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮೇ ಅದರ ಪ್ರತಿ ಉಳಿಯದಿರಲು ಸಹಜವಾದ ಕಾರಣವಾಗುತ್ತದೆ. ಉದ್ದವನ್ನು ಅಡಿಗಳಲ್ಲಿ ಕೊಡಿ: 35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುವುದರಿಂದ 13,500 ಅಡಿಯ ಚಿತ್ರ ಎರಡೂವರೆ ಗಂಟೆಯದು.

ಕಥೆಯನ್ನು ಮಾತ್ರ ಪೂರ್ತಿ ಹೇಳಬೇಡಿ. ಚಿತ್ರದ ಹಾಡುಗಳ ಜೊತೆ ಕಥಾಸಾರವನ್ನೂ ಕೊಡುತ್ತಿದ್ದ ಹಳೆಯ ಹಾಡಿನ ಪುಸ್ತಕಗಳು ನಾಯಕಿಯನ್ನು ಸಂಕಟದ ನಡುವೆಯೇ ಬಿಟ್ಟು, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿರೆಂದು ಮುಗಿಸುತ್ತಿದ್ದವು. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇರಿಲ್ಲ.

ಪ್ರತಿ ನಮೂದಿನ ತಲೆಯಲ್ಲಿ ‘ಕಾಲ್ಪನಿಕ’ ಎಂದು ತಪ್ಪದೆ ಬರೆಯಿರಿ. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿಯೇ ಇಂದು ಉಳಿದಿಲ್ಲವಾದ್ದರಿಂದ, ನಿಜವಾಗಿ ಕಳೆದುಹೋದವುಗಳ ಸಾಲಿನಲ್ಲಿ ನಮ್ಮ ಕಲ್ಪನೆ ಬೆರೆಯಬಾರದು.