ಹೈಸ್ಕೂಲಲ್ಲಿರುವಾಗಲೇ ಬೇಸಿಗೆಯಲ್ಲಿ ಕಾಲೇಜಿಗೆ ಹೋಗಿ ಇತಿಹಾಸ ಓದುವುದು

ನಮ್ಮ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಡೆ ಕನ್ನಡದ ಮಕ್ಕಳು ಬೇಸಿಗೆ ರಜೆಯಲ್ಲಿ ಕಮ್ಯುನಿಟಿ ಕಾಲೇಜಿಗೆ ಹೋದರೆ ಹೆಚ್ಚಾಗಿ ಗಣಿತಕ್ಕೇ ಹೋಗುತ್ತಾರೆ. ನನ್ನ ಮಗಳು ಹತ್ತನೇ ಕ್ಲಾಸು ಮುಗಿಸಿ ಅಮೆರಿಕದ ಇತಿಹಾಸ ತಗೊಂಡಳು. ಹೇಗೆ ಅಂತ ಕೇಳುವವರಿಗಾಗಿ ಇದು.

ಮೊದಲು ಹೋಗಬೇಕಾದದ್ದು ಸ್ಕೂಲಿನ ಕೌನ್ಸೆಲರ್ ಹತ್ತಿರ. ಸ್ಕೂಲಿನ ಅನುಮತಿ, ತಂದೆತಾಯಿಯ ಒಪ್ಪಿಗೆ ಎರಡೂ ಬೇಕು. ರಜೆ ಶುರುವಾದರೆ ಸಹಿ ಹಾಕುವವರೇ ಸಿಗುವುದಿಲ್ಲ, ಹಾಗಾಗಿ ಮಾರ್ಚ್‌ನಲ್ಲೇ ಕೇಳಿ. ಕಾಲೇಜಿನ ಅರ್ಜಿ ಆನ್‌ಲೈನ್, ಉಚಿತ. ಕ್ಯಾಲಿಫೋರ್ನಿಯಾದವರಿಗೆ ಫೀಸು ಯೂನಿಟ್‌ಗೆ (ಕೋರ್ಸು ಎಷ್ಟು ದೊಡ್ಡದು ಅನ್ನುವ ಅಳತೆ) 46 ಡಾಲರ್. ಹೈಸ್ಕೂಲ್ ಮಕ್ಕಳಿಗೆ ಬಹಳಷ್ಟು ಕಾಲೇಜುಗಳು ಅದನ್ನೂ ಬಿಡುತ್ತವೆ. ಪುಸ್ತಕಕ್ಕೆ ದುಡ್ಡು ಕೊಡಬೇಕಿಲ್ಲದ ಕ್ಲಾಸುಗಳಿಗೆ ವೇಳಾಪಟ್ಟಿಯಲ್ಲೇ ಗುರುತು ಇರುತ್ತದೆ, ನೋಡಿ.

ಅಮೆರಿಕದ ಇತಿಹಾಸ ಸಾಮಾನ್ಯವಾಗಿ ಎರಡು ಕೋರ್ಸು. ಒಂದು ಸುಮಾರು 1877ರ ತನಕ, ಇನ್ನೊಂದು ಅಲ್ಲಿಂದೀಚೆಗೆ. ಯಾವುದನ್ನು ತಗೊಂಡರೆ ಸ್ಕೂಲು ಎಷ್ಟು ಕ್ರೆಡಿಟ್ ಕೊಡುತ್ತದೆ ಅಂತ ಕೌನ್ಸೆಲರ್‌ಗೆ ಈಮೇಲ್ ಮಾಡಿ ಬರಹದಲ್ಲೇ ಉತ್ತರ ತಗೊಳ್ಳಿ. ಯುಸಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಸಲ್ಲುತ್ತದೆಯೇ ಅನ್ನುವುದನ್ನು, ಯಾವ ಕೋರ್ಸು ಎಲ್ಲಿ ಸಲ್ಲುತ್ತದೆ ಅಂತ ತೋರಿಸುವ ಅಸಿಸ್ಟ್ ವೆಬ್‌ಸೈಟಿನಲ್ಲಿ ನೀವೇ ನೋಡಬಹುದು.

ಇನ್ನು ಸಮಯ. ಮೂರು ಯೂನಿಟ್ ಅಂದರೆ ಕ್ಲಾಸು, ಓದು ಸೇರಿ ಸುಮಾರು 150 ಗಂಟೆ. ಆರು ವಾರಕ್ಕೆ ಹಂಚಿದರೆ ವಾರಕ್ಕೆ 25. ಆ ಬೇಸಿಗೆ ಊರಿಗೆ ಟಿಕೆಟ್ ಮಾಡಬೇಡಿ, ಜೊತೆಗೆ ಇನ್ನೊಂದು ಕೋರ್ಸೂ ಬೇಡ.

ಕಷ್ಟವಾಗುವುದು ಇಸವಿ ನೆನಪಿಡುವುದಲ್ಲ, ಪ್ರಬಂಧ. ಮಗಳು ಭಗತ್ ಸಿಂಗ್ ಥಿಂಡ್ ಬಗ್ಗೆ ಬರೆದಳು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಪಂಜಾಬಿ; ಪೌರತ್ವ ಕೇಳಿದಾಗ 1923ರಲ್ಲಿ ಸುಪ್ರೀಂ ಕೋರ್ಟ್ ಇಲ್ಲ ಅಂದಿತು. ಅವಳ ಮೊದಲ ಸಾಲು 'ಥಿಂಡ್‌ಗೆ ಅನ್ಯಾಯವಾಯಿತು' ಅಂತಿತ್ತು. ಪ್ರೊಫೆಸರ್ ಪಕ್ಕದಲ್ಲಿ 'ಯಾವ ದಾಖಲೆಯಿಂದ ಹೇಳುತ್ತೀಯ?' ಅಂತ ಬರೆದರು. ಆಮೇಲೆ ಅವಳು ತೀರ್ಪನ್ನೇ ತೆಗೆದು ಓದಿದಳು. ಜೊತೆಗೆ ಮೂರೇ ತಿಂಗಳ ಹಿಂದಿನ ಓಝಾವಾ ತೀರ್ಪನ್ನೂ. ಅದರಲ್ಲಿ, ಆಗಿನ ಪೌರತ್ವ ಕಾನೂನಿನಲ್ಲಿದ್ದ 'ಬಿಳಿಯ' ಅನ್ನುವ ಪದಕ್ಕೆ ಕಕೇಶಿಯನ್ ಜನಾಂಗದವನು ಅಂತ ಅರ್ಥ ಹೇಳಿ ಜಪಾನಿನವರನ್ನು ಹೊರಗಿಟ್ಟಿದ್ದರು. ಥಿಂಡ್ 'ಹಾಗಾದರೆ ನಾನೂ ಕಕೇಶಿಯನ್' ಅಂದಾಗ, ಜನಸಾಮಾನ್ಯರು ಯಾರನ್ನು ಬಿಳಿಯ ಅನ್ನುತ್ತಾರೋ ಅದೇ ಲೆಕ್ಕ ಅಂತ ಕೋರ್ಟು ಹೇಳಿತು. ಎರಡನ್ನೂ ಬರೆದವರು ಒಬ್ಬರೇ ನ್ಯಾಯಮೂರ್ತಿ, ಸದರ್‌ಲ್ಯಾಂಡ್. ಪ್ರಬಂಧದ ವಾದ ಅಲ್ಲೇ ಸಿಕ್ಕಿತು. ನಿಮ್ಮ ಮಕ್ಕಳಿಗೂ ಇದನ್ನೇ ಹೇಳಿ: ಎರಡು ಮೂಲ ದಾಖಲೆ ಪಕ್ಕಪಕ್ಕ ಇಟ್ಟು, ಎಲ್ಲಿ ಹೊಂದುವುದಿಲ್ಲವೋ ಅಲ್ಲಿಂದ ಬರೆಯಲಿ. ವಿಕಿಪೀಡಿಯ ಓದಿ ಸುಮ್ನೆ ಸಾರಾಂಶ ಬರೆದರೆ ನಂಬರ್ ಬರುವುದಿಲ್ಲ.

ಅಪ್ಪ ಅಮ್ಮ ಪ್ರೊಫೆಸರ್‌ಗೆ ಬರೆಯಬಾರದು. ಕಾಲೇಜು ಸೇರಿದರೆ, ವಯಸ್ಸು ಹದಿನೈದೇ ಆಗಿರಲಿ, ದಾಖಲೆಗಳ ಹಕ್ಕು ಕಾನೂನಿನ ಪ್ರಕಾರ ವಿದ್ಯಾರ್ಥಿಯದು. ಅನುಮಾನ ಇದ್ದರೆ ವಿದ್ಯಾರ್ಥಿಯೇ ಆಫೀಸ್ ಅವರ್ಸ್‌ಗೆ (ಪ್ರೊಫೆಸರ್ ಭೇಟಿಗೆ ಸಿಗುವ ಸಮಯ) ಹೋಗಿ ಕೇಳಲಿ. ನಮ್ಮ ಮಕ್ಕಳು ದೊಡ್ಡವರನ್ನು ಪ್ರಶ್ನೆ ಕೇಳಲು ಹಿಂಜರಿಯುತ್ತಾರೆ, ಅಲ್ವಾ? ಆರೇ ವಾರದಲ್ಲಿ ಹಿಂಜರಿಯಲು ಸಮಯವಿಲ್ಲ.

ಇಲ್ಲಿ ಬಂದ ಗ್ರೇಡು ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಅಂಕಪಟ್ಟಿ) ಶಾಶ್ವತ. ಅದರಲ್ಲಿ ಯಾವ ಗುರುತೂ ಬೀಳದಂತೆ ಕೋರ್ಸು ಬಿಡುವ ಕೊನೇ ದಿನ ಬೇಸಿಗೆಯಲ್ಲಿ ಬಹಳ ಬೇಗ ಬರುತ್ತದೆ; ಮೊದಲ ದಿನವೇ ಕ್ಯಾಲೆಂಡರಿನಲ್ಲಿ ಬರೆದಿಡಿ. ಕೋರ್ಸು ಮುಗಿದ ಮೇಲೆ ಟ್ರಾನ್ಸ್‌ಕ್ರಿಪ್ಟ್ ತಾನಾಗಿ ಹೈಸ್ಕೂಲಿಗೆ ಹೋಗುತ್ತದೆ ಅಂದುಕೊಳ್ಳಬೇಡಿ, ನೀವೇ ಕಳಿಸಲು ಹೇಳಿ. ಮುಂದೆ ಯುಸಿ ಅರ್ಜಿಯಲ್ಲೂ ಈ ಕೋರ್ಸನ್ನು ತೋರಿಸಲೇಬೇಕು.